ಕೆಂಪು ಬೊಟ್ಟು

ಹಾಸನ
೨೧-೧೦-೨೦೦೨

ಅಕ್ಕಾ,

ಈ ಕಾರ್ಡನ್ನು ಅವ್ವನಿಗೆ ಪೂರ್ತಿ ಓದಿ ಹೇಳಬೇಡ.

ಇಲ್ಲಿಯ ಎರಕದ ಕಾರ್ಖಾನೆಯಲ್ಲಿ ನನ್ನ ಕೆಲಸ ಕಂಪ್ಯೂಟರಿನ ಮುಂದೆ. ಅಚ್ಚಿಗೆ ಹೊಯ್ದ ಕಬ್ಬಿಣ ಎಲ್ಲಿ ಕೊನೆಗೆ ತಣಿಯುತ್ತದೋ ಆ ಜಾಗವನ್ನು ಅದು ಕೆಂಪಾಗಿ ತೋರಿಸುತ್ತದೆ. ಅಲ್ಲಿ ಒಳಗೊಳಗೇ ಪೊಳ್ಳು ಬೀಳುತ್ತದೆ, ಹೊರಗೆ ಕಾಣುವುದಿಲ್ಲ. ಆಯುಧಪೂಜೆಯ ಹಿಂದಿನ ದಿನ, ಇಲ್ಲಿ ಎರಕ ಹೊಯ್ದ ಪೈಪಿನ ವಾಲ್ವುಗಳಲ್ಲಿ ಹಾಗೆ ಸಂಶಯ ಬಂದವುಗಳ ಮೇಲೆ ಕೆಂಪು ಸೀಮೆಸುಣ್ಣದಿಂದ ಬೊಟ್ಟಿಟ್ಟು ಬಂದಿದ್ದೆ.

ನಮ್ಮ ಗದಗಿನ ಪ್ರೆಸ್ಸುಗಳಂತೆ ಇಲ್ಲೂ ಆಯುಧಪೂಜೆ ಜೋರು. ಅಂದು ಬೆಳಿಗ್ಗೆ ಅಚ್ಚು ಕಟ್ಟುವ ಹಿರಿಯ ಪರಮಶಿವಯ್ಯ ಆ ಬೊಟ್ಟುಗಳನ್ನು ನೋಡಿ, "ಯಾರೋ ಆಗ್ಲೇ ಪೂಜೆ ಸುರು ಮಾಡ್ಬುಟ್ಟವ್ರೆ ಕಣ್ರಲಾ" ಎನ್ನುತ್ತ ಮಿಕ್ಕ ವಾಲ್ವುಗಳಿಗೂ ಕುಂಕುಮ ಹಚ್ಚಿದರು. ಹಬ್ಬ ಮುಗಿದ ಮೇಲೆ ಕುಂಕುಮದ ಜೊತೆ ನನ್ನ ಬೊಟ್ಟುಗಳನ್ನೂ ಒರೆಸಿ ಎಲ್ಲವನ್ನೂ ಪರೀಕ್ಷೆಗೆ ಕಳಿಸಿದರು. ಗಾಳಿ ತುಂಬುವಾಗ ಒಂದು ವಾಲ್ವು ಒಡೆದು, ಪರೀಕ್ಷೆ ಮಾಡುತ್ತಿದ್ದ ಅರಕಲಗೂಡಿನ ಸಿದ್ದೇಶನ ಮುಖಕ್ಕೆ ಸಿಡಿಯಿತು. ಬಲಗಣ್ಣು ಉಳಿಯಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಪರಮಶಿವಯ್ಯ ನನ್ನ ಕೈ ಹಿಡಿದುಕೊಂಡು, "ಕೆಂಪು ಅಂದ್ರೆ ಕೆಟ್ಟದ್ದು ಅಂತ ನಮ್ಗೆ ಯಾರೂ ಯೋಳ್ನಿಲ್ವಲ್ಲ ಸಾ" ಎಂದರು.

ನನ್ನ ಮೈಗೆ ಏನೂ ಆಗಿಲ್ಲ. ಕಂಪ್ಯೂಟರು ಇರುವುದು ಬೇರೆ ಕಟ್ಟಡದಲ್ಲಿ. ಊಟ ಇನ್ನೂ ಸರಿಯಾಗಿ ಸೇರುತ್ತಿಲ್ಲ, ಅಷ್ಟೆ.

ಕಾರ್ಡು ತುಂಬಿತು. ಅವ್ವ ಪ್ರತಿ ಸಲ ಪೊಟ್ಟಣ ಕಟ್ಟಿ ಕಳಿಸುವ ಬನಶಂಕರಿಯ ಕುಂಕುಮ ಸದ್ಯಕ್ಕೆ ಬೇಡ. ಏನಾದರೂ ನೆಪ ಹೇಳು.

ನಿನ್ನ ತಮ್ಮ,
ವಸಂತ