ಬೀಗರ ಪ್ರೊಸೆಸರ್, ನನ್ನ ಮದರ್‌ಬೋರ್ಡ್

ಇಂಡಿ,
೧೨ ನವೆಂಬರ್ ೨೦೨೫

ಪ್ರೀತಿಯ ರೇಣವ್ವಾ,

ನಿನ್ನ ಮೊಣಕಾಲ ನೋವು ಹ್ಯಾಂಗೈತಿ? ಕೂಸಿಗೆ ನೀರು ಹಾಕುವಾಗ ಬರೇ ನೆಲದ ಮ್ಯಾಲೆ ಕುಂದ್ರಬ್ಯಾಡ, ಮಣಿ ಹಾಕ್ಕೊಂಡು ಕುಂದ್ರು. ಬಾಣಂತಿ ಮಗಳು ಹೊಟ್ಟಿತುಂಬ ಉಣ್ಣಾಕತ್ತಾಳೋ ಇಲ್ಲೋ? ನಾವಿಲ್ಲಿ ಆರಾಮ ಅದೇವಿ. ಫೋನ್ ಹಚ್ಚಿದ್ರ ನೀ ಸ್ಪೀಕರ್ ಮ್ಯಾಲೆ ಇಡ್ತಿ, ಬಾಗೇವಾಡಿ ಮನಿಮಂದಿ ಎಲ್ಲಾ ಕೇಳ್ತಾರ. ಈ ಸುದ್ದಿ ನಿನಗಷ್ಟ. ಅದಕ್ಕ ಬರದು ಭೀಮಶ್ಯಾನ ಕೈಯಾಗ ಕೊಡಾಕತ್ತೇನಿ. ನಾಳೆ ಮುಂಜಾನೆ ಅಂವ ಲಿಂಬಿಕಾಯಿ ಟೆಂಪೋ ತಗೊಂಡು ಆ ಕಡೆ ಹೊಂಟಾನ.

ಬಾಣಂತನಕ್ಕ ನೀ ಬಾಗೇವಾಡಿಗೆ ಹೋದ ಮ್ಯಾಲೆ ನಮ್ಮ ಮೊಮ್ಮಗಳು ಪಲ್ಲವಿಗೆ ಇಂಜಿನಿಯರ್ ವಿಜಯಲಕ್ಷ್ಮಿ ಮೇಡಂ ಕೆಲಸ ಕೊಟ್ರು. ಚಡಚಣದಾಗ ಅವರು ಕಟ್ಟೋ ಮನಿ ಮುಗದ ಮ್ಯಾಲೆ ಹ್ಯಾಂಗ ಕಾಣ್ತೈತಿ ಅಂತ ಕಂಪ್ಯೂಟರಿನ್ಯಾಗ ಮೊದಲ ಚಿತ್ರ ತೆಗೆದು ತೋರಿಸೂದು. ಅಕಿ ಹಳೆ ಲ್ಯಾಪ್‌ಟಾಪ್ ಒಂದು ಚಿತ್ರ ಮಾಡೂದ್ರಾಗ ಕಾದು ಕೆಂಡಾಗಿ ಬಂದ್ ಬೀಳ್ತಿತ್ತು. ತಿಂಗಳ ಕೊನಿಯೊಳಗ ಕೊಡಲಿಲ್ಲಂದ್ರ ಕೆಲಸ ವಿಜಯಪುರದವರ ಪಾಲು ಅಂತ ಮೇಡಂ ಹೇಳಿಬಿಟ್ಟಿದ್ರು. ಅದಕ್ಕ ಬಿಡಿ ಸಾಮಾನ ತಂದು ಮನ್ಯಾಗ ಹೊಸಾ ಕಂಪ್ಯೂಟರ್ ಜೋಡಿಸೂದು ಅಂತ ಆತು. ಕೊಡಸ್ತೇನಿ ಅಂದಂವ ನಾನು. ಆದ್ರ ಯಾವ ಸಾಮಾನ ತರಬೇಕಂತ ಅಕಿ ಕೇಳಿದ್ದು ಯಾರನ್ನ? ಮುದ್ದೇಬಿಹಾಳದಾಗಿನ ತನ್ನ ತಾಯಿಯ ಅಪ್ಪನ್ನ, ನಮ್ಮ ಬೀಗರು ಚಂದಪ್ಪನವರನ್ನ!

ದಿನಾ ಸಂಜಿಕೆ ವಿಡಿಯೋ ಕಾಲ್. ಬ್ಯಾಂಕಿನ್ಯಾಗ ಮ್ಯಾನೇಜರ್ ಇದ್ದವರು, ಕಂಪ್ಯೂಟರ್ ಬಲ್ಲವರು, ಅದನ್ನ ನಾ ಒಪ್ತೇನಿ. ಆದ್ರ ಅವರು "ಪ್ರೊಸೆಸರ್ ಅಂದ್ರ ಮಿದುಳು, ಮದರ್‌ಬೋರ್ಡ್ ಅಂದ್ರ ಎಲ್ಲಾ ಸಾಮಾನು ಕೂಡೋ ಪಾಯಾ" ಅನ್ನೂದು, ಇಕಿ "ಎಷ್ಟ್ ಛಂದ ಹೇಳ್ತೀರಿ ಮುತ್ಯಾ" ಅನ್ನೂದು! ಬಾಜೂಕ ಕುಂತು ನಾ ಚಾ ಕುಡಿದ್ರ ಸುರ್ ಅಂತ ಸಪ್ಪಳ ಆತಂತ, "ಮುತ್ಯಾ, ಸ್ವಲ್ಪ ಸುಮ್ಮ ಕುಂದರ್ರಿ" ಅಂದ್ಳು. ನನಗ! ಸಣ್ಣಾಕಿ ಇದ್ದಾಗ ನನ್ನ ಹೆಗಲ ಬಿಟ್ಟು ಕೆಳಗ ಇಳೀತಿರಲಿಲ್ಲ ಈ ಹುಡುಗಿ. ಹೊಟ್ಯಾಗ ಹಸಿಮೆಣಸಿನಕಾಯಿ ಅರದು ಹಚ್ಚಿದಂಗಾತು, ರೇಣವ್ವಾ. ಸಿಟ್ಟು ಅಕಿ ಮ್ಯಾಲಲ್ಲ, ಆ ಮನಶ್ಯಾನ ಮ್ಯಾಲೆ.

ಆಮ್ಯಾಲೆ ಒಂದಿನ, "ಪ್ರೊಸೆಸರ್ ನಾನ ತರ್ತೇನಿ, ಅದು ನನ್ನ ಕಾಣಿಕಿ" ಅಂತ ಬೀಗರು ಅಂದದ್ದು ಕಿವಿಗೆ ಬಿತ್ತು. ನನಗ ಕುಂದ್ರಾಕ ಆಗಲಿಲ್ಲ. ಗುಳಿಗಿ ತರ್ತೇನಿ ಅಂತ ಮಗ ಪರಶುಗ ಹೇಳಿ ವಿಜಯಪುರದ ಬಸ್ ಹತ್ತಿ, ಸೀದಾ ಫಯಾಜನ ಕಂಪ್ಯೂಟರ್ ಅಂಗಡಿಗೆ ಹೋದ್ನಿ. "ಯಾವ ಕಂಪನಿ ಪ್ರೊಸೆಸರ್ ಕಾಕಾ? ಇಂಟೆಲ್‌ದೋ, ಎಎಮ್‌ಡಿದೋ? ಒಂದರ ಬೋರ್ಡ್ ಇನ್ನೊಂದಕ್ಕ ಕೂಡೂದಿಲ್ಲ" ಅಂತ ಅಂವ ಬಡ್ಕೊಂಡ. ಗೊತ್ತಾಗಬೇಕಂದ್ರ ಬೀಗರಿಗೆ ಫೋನ್ ಮಾಡಬೇಕು. ನಾ ಮಾಡ್ತೇನೇನು? "ಚಲೋದ್ರಾಗ ಚಲೋದು ಕೊಡಪಾ" ಅಂದು, ಬಣ್ಣಬಣ್ಣದ ಲೈಟ್ ಹತ್ತೋ ಮದರ್‌ಬೋರ್ಡ್ ಒಂದು ತಂದ್ನಿ.

ಮೊನ್ನೆ ಬೀಗರು ಬಂದ್ರು, ಕೈಯಾಗ ಸಣ್ಣ ಡಬ್ಬಿ. ನಾ ನನ್ನ ದೊಡ್ಡ ಡಬ್ಬಿ ತಂದು ಅವರ ಮುಂದ ಇಟ್ನಿ. ತೆಗೆದು ನೋಡಿದ್ರ ಅವರದು ಎಎಮ್‌ಡಿ, ನಂದು ಇಂಟೆಲ್ ಬೋರ್ಡ್. "ಒಂದು ಮಾತು ಕೇಳಬಾರದೇನ್ರಿ ಬೀಗರ" ಅಂತ ಅವರು ನಕ್ಕರು. ಆ ನಗಿ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. "ಯಾಕ ಕೂಡೂದಿಲ್ಲ, ಒತ್ತಿದ್ರ ಕೂಡ್ತೈತಿ" ಅಂತ ಕೈ ಹಾಕೇಬಿಟ್ನಿ. "ಮುತ್ಯಾ, ಒತ್ತಬ್ಯಾಡ್ರಿ!" ಅಂತ ಪಲ್ಲವಿ ಚೀರಿ ಕಸಗೊಂಡ್ಳು. ಕೂದಲಿನಂಥಾ ಪಿನ್ ಇರ್ತಾವಂತ ಅದರಾಗ, ಒಂದು ಬಾಗಿದ್ರೂ ಬೋರ್ಡ್ ಹಾಳು. ಬೀಗರಿಗೂ ನನಗೂ ಮಾತಿಗೆ ಮಾತು ಬೆಳೀತು. ಅಕಿ ಕಣ್ಣಾಗ ನೀರು ತಂದು, "ಕೆಲಸ ಮಾಡಾಕಿ ನಾನು. ನಿಮ್ಮಿಬ್ಬರಾಗ ಯಾರರೆ ನನ್ನ ಕೇಳಿದ್ರೇನ್ರಿ?" ಅಂದ್ಳು.

ಆಮ್ಯಾಲೆ ಅಕೀನ ಬಿಡಿಸಿ ಹೇಳಿದ್ಳು. ಬೀಗರು ತಂದದ್ದು ಕಂಪ್ಯೂಟರ್ ಆಟ ಆಡೋರಿಗೆ ಚಲೋ ಅಂತ. ಇಕಿ ಕೆಲಸಕ್ಕ ಅದಕ್ಕಿಂತ ಹೆಚ್ಚು ಕೋರ್, ಅಂದ್ರ ಒಮ್ಮೆಲೆ ದುಡಿಯೋ ಮಿದುಳಿನ ಭಾಗ ಬೇಕು, ಮುಂದ ಮೆಮೊರಿ ಹೆಚ್ಚಿಸಾಕ ಬೋರ್ಡಿನ್ಯಾಗ ಜಾಗಾ ಬೇಕು, ಲೈಟ್ ಏನೂ ಬ್ಯಾಡ. ಇದನ್ನ ಅಕಿ ಫೋನಿನ್ಯಾಗ ಹೇಳೇ ಹೇಳಿದ್ಳಂತ. ಬೀಗರು ತಮ್ಮದ ಹೇಳೂದ್ರಾಗ ಇದ್ರು. ಅವರ ಮಾರಿ ಸಣ್ಣದಾತು. ಖರೇ ಹೇಳ್ತೇನಿ, ನನಗ ಖುಷಿ ಆತು.

ನಿನ್ನೆ ಮೂರೂ ಮಂದಿ ವಿಜಯಪುರಕ್ಕ ಹೋದ್ವಿ. ಪಲ್ಲವಿ ಒಳಗ ತನಗ ಬೇಕಾದ ಪ್ರೊಸೆಸರ್, ಬೋರ್ಡ್ ಜೋಡಿ, ಉಳಿದ ಸಾಮಾನ ತಾನ ಆರಿಸಿದ್ಳು. ನಾವಿಬ್ಬರೂ ಹೊರಗ ಕಟ್ಟಿ ಮ್ಯಾಲೆ ಕುಂತಿದ್ವಿ. ನನ್ನ ಬೋರ್ಡ್ ಫಯಾಜ ಬದಲಿ ಮಾಡಿಕೊಟ್ಟ. ಬೀಗರದನ್ನ ಯಾರಿಗರೆ ಮಾರಿಕೊಡ್ತೇನಿ ಅಂದ. ಇವತ್ತ ಮುಂಜಾನೆ ಜೋಡಿಸಿ ಚಾಲೂ ಮಾಡಿದ್ಳು ನೋಡು, ನಾವು ನಾಷ್ಟಾ ಮುಗಿಸೂದ್ರಾಗ ಇಡೀ ಮನಿ ಚಿತ್ರ ತಯಾರ್! ಬಿಸಲು ಬಿದ್ದ ಪಡಸಾಲಿ, ಬಾಗಲದಾಗ ತುಳಸಿಕಟ್ಟಿ. ಫೋನಿಗೆ ಕಳಿಸಿದ್ದನ್ನ ಮೇಡಂ ನೋಡಿ ಇನ್ನೊಂದು ಮನಿ ಕೆಲಸಾನೂ ಕೊಟ್ರು. ಪಲ್ಲವಿ ಓಡಿಬಂದು ಮೊದಲ ಬೀಗರ ಕಾಲು ಮುಟ್ಟಿದ್ಳು, ಆಮ್ಯಾಲೆ ನಂದು. ಅವರು ಬಾಗಲ ಹತ್ರ ಇದ್ರು, ಅದಕ್ಕ ಇರಬೇಕು. ಆದ್ರೂ.

ಅಳಿಯಂದಿರಿಗೆ ಶರಣು ಹೇಳು. ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ ಮುಟ್ಟಿಸು, ಕೂಸಿನ ಗಲ್ಲಕ್ಕ ನನ್ನ ಪರವಾಗಿ ಒಂದು ಮುದ್ದು ಕೊಡು.

ನಿನ್ನ,
ಅಪ್ಪಾಸಾಬ

ತಾ.ಕ.: ಭೀಮಶ್ಯಾ ಪತ್ರ ಇವತ್ತ ಇಸ್ಕೊಂಡು ಇಟ್ಕೊಳ್ಳಾಕ ಬಂದು ನಿಂತಾನ, ಗಡಿಬಿಡಿಲೆ ಬರ್ಯಾಕತ್ತೇನಿ. ಬೀಗರು ನಾಡದು ಹೊಂಟೇನಿ ಅಂತಾರ. ಬೀಗತಿ ತೀರಿಕೊಂಡ ಮ್ಯಾಲೆ ಪಲ್ಲವಿ ಫೋನ್ ಬರೂತನಕ ದಿನಾ ಯಾರ ಜೋಡಿನೂ ಮಾತಿರೂದಿಲ್ಲಂತ. ನಿನ್ನೆ ಬಸ್ಸಿನ್ಯಾಗ ಕಿಡಕಿ ಕಡೆ ಮಾರಿ ಮಾಡಿ ಹೇಳಿದ್ರು. ನೀ ಅವರಿಗೆ ಫೋನ್ ಹಚ್ಚಿ, "ನಾ ಬರೂತನಕ ಇಂಡ್ಯಾಗ ಇರ್ರಿ" ಅನ್ನು. ನಿನ್ನ ಮನಸಿಗೆ ಬಂದು ಹೇಳಿದಂಗ ಹೇಳು. ನನ್ನ ಹೆಸರು ಮಾತ್ರ ಒಟ್ಟ ತೆಗಿಬ್ಯಾಡ.