ಕಣಗಿಲೆಗೆ ಅಡ್ಡ ನಿಂತವರು

೯ ಆಗಸ್ಟ್ ೧೯೭೧, ಸೋಮವಾರ. ಜೋಗೇಶ್ವರಿ.

ನನ್ನ ಹಳದಿ ಕಣಗಿಲೆ ಉಳಿಯಿತು. ಖುಷಿಗೆ ನಿದ್ದೆಯೇ ಹತ್ತುತ್ತಿಲ್ಲ.

ಬಾಂದ್ರಾದ ಬಂಗಲೆಯೊಂದರ ಬೇಲಿಯಿಂದ ಬೀಜ ತಂದು ಚಾಳಿನ ನಲ್ಲಿಯ ಪಕ್ಕ ಹಾಕಿದ್ದೆ. ಎದುರು ಖೋಲಿಯ ರುಕ್ಮಿಣಿಬಾಯಿ, "ವಿಷದ ಗಿಡ ಅದು, ಹುಡುಗ್ರು ಕಾಯಿ ತಿಂದ್ರ ಏನ್ ಗತಿ?" ಎಂದು ಮನೆಮನೆಗೂ ಹೇಳಿ, ಇವತ್ತು ಕಡಿಸುವುದೆಂದು ಎಲ್ಲರನ್ನೂ ಒಪ್ಪಿಸಿದ್ದರು. ಅವರ ಮಾತು ಸುಳ್ಳಲ್ಲ. ಅದಕ್ಕೇ ನಾನೂ ಒಪ್ಪಿದ್ದೆ.

ಬೆಳಿಗ್ಗೆ ನಮ್ಮ ಹೋಟೆಲಿನ ಕಟ್ಟಿಗೆ ಒಡೆಯುವ ಐತ ಕೊಡಲಿ ತಂದ. ಕೊನೆಯ ಸಲ ನೋಡೋಣವೆಂದು ಇಳಿದರೆ, ನಿನ್ನೆ ಸಂಜೆ ಬಿರಿಯುತ್ತಿದ್ದ ಮೊದಲ ಮೊಗ್ಗುಗಳಲ್ಲಿ ಒಂದೂ ಗಿಡದಲ್ಲಿರಲಿಲ್ಲ. ಅಷ್ಟರಲ್ಲಿ ರುಕ್ಮಿಣಿಬಾಯಿ ಒದ್ದೆ ಕೂದಲಲ್ಲೇ ಓಡಿ ಬಂದು ಕೊಡಲಿಗೆ ಅಡ್ಡ ನಿಂತರು.

"ಶ್ರಾವಣ ಸೋಮವಾರ, ಇದರ ಹೂವ ಈಶ್ವರಗ ಏರಿಸೀನಿ. ಇನ್ನ ಇದಕ್ಕ ಕೊಡ್ಲಿ ಹಚ್ಚತೀರೇನು? ಬಿದ್ದ ಕಾಯಿ ದಿನಾ ನಾ ಆರಿಸಿ ಒಗಿತೀನಿ."

"ಕಡಿಯುವುದಾ ಬೇಡವಾ, ಒಂದು ಹೇಳಿ ಮಾರಾಯ್ರೆ" ಎಂದ ಐತ. ನಾನು ನಗುತ್ತಾ ಅವನಿಗೆ ಚಹಾ ಕೊಟ್ಟೆ.

ಇಷ್ಟು ದಿನ ನೀರು ಹಾಕಿದ್ದು ನಾನು, ನನ್ನ ದೇವರಿಗೆ ಮಾತ್ರ ಒಂದು ಹೂವೂ ಇಲ್ಲ. ನಾಳೆ ರುಕ್ಮಿಣಿಬಾಯಿಗಿಂತ ಮೊದಲು ಏಳಬೇಕು. ಆದರೆ ಅವರು ಏಳುವುದು ನಲ್ಲಿಯಲ್ಲಿ ನೀರು ಬರುವುದಕ್ಕೂ ಮೊದಲು, ಈಗಲೇ ಮಲಗದಿದ್ದರೆ ನಾಳೆಯ ಹೂವೂ ಅವರ ಈಶ್ವರನಿಗೇ.