ಹತ್ತು ಇಪ್ಪತ್ತರ ಕಿಟಕಿ

ಬಾಲಿಂಗೆನ್
ಫೆಬ್ರವರಿ ೧೧, ೨೦೧೯

ಪ್ರೀತಿಯ ಅಲ್ಮುಟ್,

ನೀನು ಕ್ರಿಸ್‌ಮಸ್‌ಗೆ ಕಳಿಸಿದ ಉಡುಗೊರೆಗೆ ಫೆಬ್ರವರಿಯಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೇನೆ. ಬೈಯಬೇಡ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಪೆನ್ನು ಹಿಡಿದೇ ನಿದ್ದೆ ಹೋದೆ. ಮೊನ್ನೆ ಬೆಣ್ಣೆ ತೆಗೆದುಕೊಂಡು ಹೋಗಿ ಸಾಕ್ಸ್ ಡ್ರಾಯರಿನಲ್ಲಿ ಇಟ್ಟಿದ್ದೆ. ನಾನು ಈಗ ಇಂಥವಳು.

ನಿನ್ನ ಮೊಣಕಾಲು ಹೇಗಿದೆ? ಆ ಸಮುದ್ರದ ಗಾಳಿಯಲ್ಲಿ ನಿನ್ನ ಹಾವುಗಳಿಗಾದರೂ ತೇವಕ್ಕೆ ಬರವಿಲ್ಲ ಬಿಡು. ನನ್ನ ಬ್ರೆಟ್ಸೆಲ್ ಕಳೆದ ಗುರುವಾರ ಪೊರೆ ಬಿಟ್ಟಳು. ಮೂತಿಯಿಂದ ಬಾಲದವರೆಗೆ ಒಂದೇ ತುಂಡು, ಕಾಲುಚೀಲ ಕಳಚಿಟ್ಟ ಹಾಗೆ. ಕಣ್ಣಿನ ಮೇಲಿನ ಎರಡು ಪದರವೂ ಸರಿಯಾಗಿ ಬಂದಿವೆ, ಬೆಳಕಿಗೆ ಹಿಡಿದು ನೋಡಿದೆ. ನೋಡುತ್ತ ನಕ್ಕೆ. ಯಾಕೆ ನಕ್ಕೆ ಅಂತ ಹೇಳುವುದಕ್ಕೇ ಈ ಪತ್ರ. ಹಾಗೆನ್‌ಗೆ ಹೇಳುವಂತಿಲ್ಲ, ಅವನ ಅಮ್ಮನಿಗಂತೂ ಮೊದಲೇ ಇಲ್ಲ. ಉಳಿದವಳು ನೀನೊಬ್ಬಳು.

ನವೆಂಬರಿನಲ್ಲಿ ಫೋನಿನಲ್ಲಿ ಅತ್ತಿದ್ದೆ, ನೆನಪಿದೆಯಾ? ಮಾರಿಟ್‌ಗೆ ಆಗ ಎರಡು ತಿಂಗಳು. ಬ್ರೆಟ್ಸೆಲ್ ಕಣ್ಣು ಹಾಲಿನಂತೆ ಮಬ್ಬಾಗಿತ್ತು, ಪೊರೆ ಬಿಡುವ ಹೊತ್ತು. ನೀನು ಕಲಿಸಿದ್ದನ್ನು ಹದಿನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸಿದವಳಲ್ಲ ನಾನು. ಪೆಟ್ಟಿಗೆಯ ಮೇಲಿನ ಜಾಲರಿಗೆ ಅರ್ಧ ಹಾಳೆ ಮುಚ್ಚುವುದು, ನೀರಿನ ಬಟ್ಟಲನ್ನು ಬೆಚ್ಚಗಿನ ಮೂಲೆಗೆ ಸರಿಸುವುದು, ಬೆಳಿಗ್ಗೆ ಸಂಜೆ ನೀರು ಚಿಮುಕಿಸುವುದು, ಪಾಚಿಯನ್ನು ನೀರಲ್ಲಿ ಅದ್ದಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ ಅವಳ ಗೂಡಿನ ಡಬ್ಬಿಗೆ ತುಂಬುವುದು. ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆಯ ತೇವದ ಮುಳ್ಳು ಎಪ್ಪತ್ತರ ಮೇಲೆ. ಮಗುವನ್ನು ಗಾಡಿಯಲ್ಲಿ ಸುತ್ತಾಡಿಸಿಕೊಂಡು ಹನ್ನೊಂದೂವರೆಗೆ ಬಂದರೆ ನಲವತ್ತು. ಪಾಚಿ ಮುಟ್ಟಿದರೆ ಗರಿಗರಿ.

ರೋಸ್ವಿಟಾ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸೋರು. ಮನೆ ಅತ್ತೆಯದು, ಕೆಳಗೆ ಅವರು, ಮೇಲೆ ಗಂಡ ಹೆಂಡತಿ ನಾವು. ಹೆರಿಗೆಯಾದಾಗಿನಿಂದ ಗುಡಿಸಿ ಒರೆಸಿಕೊಡುತ್ತೇನೆ ಅಂತ ದಿನಾ ಮೇಲೆ ಬರುತ್ತಿದ್ದರು.

"ಮತ್ತೆ ಮರೆತೆಯಾ, ಮಗೂ?"

"ಇಲ್ಲ ರೋಸ್ವಿಟಾ, ಬೆಳಿಗ್ಗೆ ತಾನೇ ಒದ್ದೆ ಮಾಡಿಟ್ಟಿದ್ದೆ."

"ಮಾಡಿದ್ದೀನಿ ಅಂತ ಅನ್ನಿಸಿರುತ್ತೆ. ನಿದ್ದೆ ಇಲ್ಲದಿದ್ರೆ ಹಾಗೇ. ನಿನ್ನ ತಪ್ಪಲ್ಲ ಬಿಡು."

ಎಷ್ಟು ಮೆತ್ತಗೆ ಹೇಳೋರು ಗೊತ್ತಾ! ಆ ಸಲ ಪೊರೆ ಚೂರು ಚೂರಾಗಿ ಬಂತು, ಹಳೇ ಗೋಡೆಯ ಬಣ್ಣ ಏಳುವ ಹಾಗೆ. ಎಡಗಣ್ಣಿನ ಪದರ ಅಂಟಿಕೊಂಡೇ ಉಳಿಯಿತು. ನಾನು ಒದ್ದೆ ಬಟ್ಟೆಯಲ್ಲಿ ಅವಳನ್ನು ಸುತ್ತಿಕೊಂಡು ನೆಲದ ಮೇಲೆ ಕೂತಿದ್ದಾಗ ಹಾಗೆನ್ ಬಂದ.

"ರೀಕೆ, ಬೇಜಾರು ಮಾಡ್ಕೋಬೇಡ. ಒಂದು ಹಾವಿಗೆ ನೀರು ಚಿಮುಕಿಸೋದು ನೆನಪಿರಲ್ಲ ನಿಂಗೆ. ನಾಳೆ ಮಗುವಿಗೆ ಔಷಧಿ ಕೊಡೋದು ನೆನಪಿರುತ್ತಾ?"

ಅಷ್ಟೇ ಹೇಳಿದ್ದು. ಡಿಸೆಂಬರ್ ಆರಕ್ಕೆ, ಊರಿನ ಮಕ್ಕಳೆಲ್ಲ ಬೂಟಿನೊಳಗೆ ಚಾಕೊಲೇಟ್ ಹುಡುಕುವ ದಿನ, ನನ್ನ ಮಗಳ ತೊಟ್ಟಿಲು ಕೆಳಗಿನ ಮನೆಗೆ ಹೋಯಿತು. "ನಿನ್ನ ನಿದ್ದೆ ಸರಿಹೋಗೋವರೆಗೆ" ಅಂದರು. ರಾತ್ರಿ ಅವಳು ಅಜ್ಜಿಯ ಜೊತೆ, ಹಗಲು ಅಜ್ಜಿ ಕೊಟ್ಟಾಗ ನನ್ನ ಜೊತೆ. ನಾನು ಒಪ್ಪಿದೆ, ಅಲ್ಮುಟ್. ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಹೊದಿಕೆ ಮಡಿಸಿ ಕೊಟ್ಟೆ. ಮಗು ಕೆಳಗೆ ಹೋದ ಮೇಲಾದರೂ ನಿದ್ದೆ ಬಂತಾ? ಛಾವಣಿ ನೋಡುತ್ತ, ಕೆಳಗಿನಿಂದ ಅಳು ಕೇಳಿಸುತ್ತದಾ ಅಂತ ಕಿವಿಕೊಟ್ಟು ಮಲಗಿರುತ್ತಿದ್ದೆ.

ಆಮೇಲೆ ಚೀಟಿ ಬರೆಯಲು ಶುರು ಮಾಡಿದೆ. "೮:೧೦, ಚಿಮುಕಿಸಿದೆ. ಪಾಚಿ ಹಿಂಡಿ ಇಟ್ಟೆ." ಗಾಜಿಗೆ ಅಂಟಿಸುವುದು. ಮಧ್ಯಾಹ್ನ ಬಂದರೆ ಚೀಟಿ ಇದೆ, ಅಕ್ಷರ ನನ್ನದೇ, ಪಾಚಿ ಒಣಗಿದೆ. ಆಗ ನನಗೆ ಏನನ್ನಿಸಿತು ಹೇಳಲಾ? ಮಾಡದೆಯೇ ಚೀಟಿ ಬರೆಯುತ್ತಿದ್ದೇನೆ ಅನ್ನಿಸಿತು. ಕಾಲೇಜಿನಲ್ಲಿ ಭೂಗೋಳ ಓದಿದವಳು, ಗಾಳಿಯ ತೇವದ ನಕ್ಷೆ ಬಿಡಿಸಿ ಅಂಕ ತೆಗೆದವಳು, ನನ್ನ ಅಕ್ಷರವನ್ನೇ ನಂಬದೆ ಹೋದೆ. ಬ್ರೆಟ್ಸೆಲ್‌ಳನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತ ನಿನಗೆ ಬರೆದದ್ದು ಆಗಲೇ. ನೀನು ಉತ್ತರ ಬರೆಯಲಿಲ್ಲ, ಕ್ರಿಸ್‌ಮಸ್‌ಗೆ ಆ ಪುಟ್ಟ ಮೀಟರ್ ಕಳಿಸಿದೆ. ಹತ್ತು ನಿಮಿಷಕ್ಕೊಮ್ಮೆ ತೇವ ಅಳೆದು ನೆನಪಿಟ್ಟುಕೊಳ್ಳುವಂಥದ್ದು. "ನಿನ್ನ ಬದಲು ಇದು ನೆನಪಿಟ್ಟುಕೊಳ್ಳಲಿ" ಅಂತ ಒಂದು ಸಾಲು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಜನವರಿ ಎಂಟನೇ ತಾರೀಕು ಅದನ್ನು ಫೋನಿನಲ್ಲಿ ತೆರೆದು ನೋಡಿದೆ. ಪ್ರತಿದಿನ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಗೆರೆ ಬಾವಿಗೆ ಬಿದ್ದ ಹಾಗೆ ಕೆಳಗೆ. ಎಪ್ಪತ್ತೆರಡರಿಂದ ನಲವತ್ತೊಂದು. ಭಾನುವಾರ ಮಾತ್ರ ಬಿದ್ದಿಲ್ಲ. ಭಾನುವಾರ ರೋಸ್ವಿಟಾ ಹತ್ತು ಗಂಟೆಗೆ ಚರ್ಚಿನಲ್ಲಿರುತ್ತಾರೆ.

ಮಾರನೇ ದಿನ ಗಾಡಿ ತಳ್ಳಿಕೊಂಡು ಹೊರಟವಳು ಮೂಲೆಯ ಬೇಕರಿಯಿಂದಲೇ ತಿರುಗಿದೆ. ಕೆಳಗೆ ತೋಟದಲ್ಲಿ ನಿಂತು ನೋಡಿದರೆ ನಮ್ಮ ಕೋಣೆಯ ಕಿಟಕಿಯ ಎರಡೂ ಬಾಗಿಲು ಹಾರುಹೊಡೆದಿವೆ. ಹೊರಗೆ ಮೈನಸ್ ಆರು. ಮಗುವನ್ನು ಎತ್ತಿಕೊಂಡು, ಬೂಟು ಬಿಚ್ಚಿಟ್ಟು ಮೆಟ್ಟಿಲು ಹತ್ತಿದೆ. ಬಾಗಿಲು ಅರೆ ತೆರೆದಿತ್ತು. ನನ್ನ ಪಾಚಿಯನ್ನು ಹೀಟರಿನ ಮೇಲೆ ಅಡುಗೆಮನೆಯ ಟವೆಲ್ ಹಾಸಿ ಹರವಿದ್ದಾರೆ, ಸಂಡಿಗೆ ಹಾಕಿದ ಹಾಗೆ. ಹಾವಿನ ಪೆಟ್ಟಿಗೆಯ ಗಾಜನ್ನು ಒಂದು ಗೇಣು ಸರಿಸಿ ಒಳಗೆ ಬಗ್ಗಿ ಮಾತಾಡುತ್ತಿದ್ದಾರೆ.

"ನೀನೂ ಸ್ವಲ್ಪ ಗಾಳಿ ಕುಡಿ. ಥೂ, ಕಪ್ಪೆಗುಂಡಿ ವಾಸನೆ. ಈ ಹಸಿಯೆಲ್ಲ ಗೋಡೆಗೆ ಬೂಷ್ಟು ಹಿಡಿಸಿ, ನನ್ನ ಮೊಮ್ಮಗಳ ಎದೆಗೆ ಕೂರುತ್ತೆ."

ನಿನಗೆ ನಾನು ಹೇಳಬೇಕಾ ನಮ್ಮ ಕಡೆಯ ಹೆಂಗಸರ ಗಾಳಿಯ ಹುಚ್ಚು? ದಿನಕ್ಕೆ ಮೂರು ಸಲ ಗಡಿಯಾರ ನೋಡಿ ಕಿಟಕಿ ಪೂರ್ತಿ ತೆರೆಯಬೇಕು, ಗಡಿಯಾರ ನೋಡಿ ಮುಚ್ಚಬೇಕು. ಹಿಮ ಬೀಳಲಿ, ಹೆಣ ಇರಲಿ. ಆ ಕೊರೆಯುವ ಗಾಳಿಯಲ್ಲಿ ನೀರಿರುವುದೇ ಇಲ್ಲ, ಒಳಗೆ ಬಂದು ಬೆಚ್ಚಗಾದರೆ ಸಿಕ್ಕಿದ್ದನ್ನೆಲ್ಲ ಹೀರುತ್ತದೆ ಅಂತ ಅವರಿಗೆ ಯಾರು ಹೇಳಬೇಕು! ಅಷ್ಟೇ ಆಗಿದ್ದರೆ ನಾನು ಒಳಗೆ ಹೋಗಿ ಜಗಳ ಮಾಡಿ, ಸಂಜೆ ಜೊತೆಗೆ ಕಾಫಿ ಕುಡಿಯುತ್ತಿದ್ದೆ. ಆಣೆ ಮಾಡಿ ಹೇಳುತ್ತೇನೆ. ಆದರೆ ಆ ದಿನ ಸುಮ್ಮನೆ ಇಳಿದುಹೋದೆ, ಎಂದಿನಂತೆ ಹನ್ನೊಂದೂವರೆಗೆ ಬಂದೆ. ಪಾಚಿ ಗೂಡಿನೊಳಗೆ ವಾಪಸಾಗಿತ್ತು. ನಿಜ ಹೇಳಲು ಒಂದು ಅವಕಾಶ ಕೊಡೋಣ ಅಂತ ಕೇಳಿದೆ: "ರೋಸ್ವಿಟಾ, ಪಾಚಿ ಒಣಗಿದೆಯಲ್ಲ?"

ಅವರು ನನ್ನ ಕೆನ್ನೆ ಸವರಿದರು. "ಮತ್ತೆ ಮರೆತೆಯಾ, ಮಗೂ?"

ಆ ಕೈ ಇನ್ನೂ ಹೀಟರಿನ ಬಿಸಿಯಲ್ಲಿತ್ತು. ಅಲ್ಲಿಗೆ ಮುಗಿಯಿತು.

ಅವರ ಹೆಮ್ಮೆ ಏನು ಗೊತ್ತಾ? ಕಿಟಕಿಯ ಮೇಲ್ತುದಿಯನ್ನು ಒಳಕ್ಕೆ ಓರೆಯಾಗಿ ವಾಲಿಸಿ, ತಣ್ಣನೆ ಗಾಳಿ ಸಂದಿಯಿಂದ ಬರುತ್ತಲೇ ಇರುವಂತೆ ಮರೆತುಬಿಡುವವರು ಮನೆ ನಡೆಸಲು ಬಾರದವರು ಅನ್ನೋದು. ಮೂವತ್ತೈದು ವರ್ಷದಲ್ಲಿ ಒಂದು ದಿನವೂ ತಾನು ಹಾಗೆ ಬಿಟ್ಟಿಲ್ಲ ಅನ್ನೋದು. ಸರಿ. ಮರುದಿನ ಅವರು ಸ್ನಾನಕ್ಕೆ ಹೋದಾಗ ಬಟ್ಟೆ ಒಗೆಯುವ ಕೋಣೆಯ ಕಿಟಕಿ ವಾಲಿಸಿ ಬಂದೆ. ಅದರ ಮರುದಿನ ಅಡುಗೆಮನೆಯದು. ಮಾರಿಟ್ ನನ್ನ ತೋಳಲ್ಲಿ ಇರುವಾಗ ಮಾತ್ರ ಮಾಡಿದೆ, ಅಷ್ಟು ಬುದ್ಧಿ ಇತ್ತು. ನಾಲ್ಕನೇ ದಿನ ನಡುಮನೆಯ ಕಿಟಕಿ. ಅವರ ಬಿಳಿ ಆರ್ಕಿಡ್ ಒಂದೇ ದಿನಕ್ಕೆ ಅಷ್ಟೂ ಹೂವು ಉದುರಿಸಿತು. ನಾನು ಕೆಳಗಿಳಿದು ಹೋಗಿ ಕೆನ್ನೆ ಸವರುವುದೊಂದು ಬಾಕಿ.

"ಅಯ್ಯೋ ರೋಸ್ವಿಟಾ, ಮತ್ತೆ ಮರೆತಿರಾ?"

"ನಾನು ಮುಚ್ಚಿದ್ದೆ. ಹನ್ನೊಂದೂಕಾಲಿಗೆ ಮುಚ್ಚಿದೆ."

"ಮುಚ್ಚಿದ್ದೀನಿ ಅಂತ ಅನ್ನಿಸಿರುತ್ತೆ. ರಾತ್ರಿಯೆಲ್ಲ ಮಗು ನೋಡ್ಕೋತೀರಲ್ಲ. ನಿಮ್ಮ ತಪ್ಪಲ್ಲ ಬಿಡಿ."

ಏಳನೇ ದಿನ ಅವರ ಫ್ರಿಜ್ಜಿನ ಮೇಲೆ ಚೀಟಿ ನೋಡಿದೆ. "ಅಡುಗೆಮನೆ, ೧೧:೧೫, ಮುಚ್ಚಿದೆ." ಅಲ್ಲೇ ನಿಂತು ಎರಡು ಸಲ ಓದಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು ಅಂತ ನೀನು ಅನ್ನುತ್ತೀಯ. ಚೀಟಿಯನ್ನು ಮುಟ್ಟದೆ, ಅದರ ಪಕ್ಕದ ಕಿಟಕಿಯನ್ನೇ ವಾಲಿಸಿದೆ.

ಹತ್ತನೇ ದಿನ ಹಾಗೆನ್ ಮುಖ ಬಿಳುಚಿಕೊಂಡು ಮೇಲೆ ಬಂದ. "ಅಮ್ಮ ಅಳ್ತಿದಾಳೆ ಕಣೇ. ಅಜ್ಜಿಗೂ ಹೀಗೇ ಶುರುವಾಗಿದ್ದಂತೆ. ಮೊದಲು ಕಿಟಕಿ, ಆಮೇಲೆ ಒಲೆ, ಆಮೇಲೆ ನಮ್ಮ ಹೆಸರು."

ನಾನು ಮಗುವಿನ ಬಟ್ಟೆ ಮಡಿಸುತ್ತಿದ್ದೆ. ತಲೆ ಎತ್ತಲಿಲ್ಲ. "ಪಾಪ," ಅಂದೆ. "ಬೇಜಾರು ಮಾಡ್ಕೋಬೇಡ ಹಾಗೆನ್. ಒಂದು ಕಿಟಕಿ ಮುಚ್ಚೋದು ನೆನಪಿರಲ್ಲ ಅವರಿಗೆ. ನಾಳೆ ಮಗುವಿಗೆ ಔಷಧಿ ಕೊಡೋದು ನೆನಪಿರುತ್ತಾ?"

ಅದು ತನ್ನದೇ ಮಾತು ಅಂತ ಅವನಿಗೆ ಹೊಳೆಯಲೂ ಇಲ್ಲ. ಗಂಡಸರು ಆಡಿದ್ದು ಅವರ ಕಿವಿಗೆ ಬೀಳುವುದೇ ಇಲ್ಲವೇನೋ. ಆ ಸಂಜೆಯೇ ತೊಟ್ಟಿಲು ಮೇಲೆ ಬಂತು. ಒಂದು ತುದಿ ಹಾಗೆನ್ ಹಿಡಿದಿದ್ದ, ಇನ್ನೊಂದು ತುದಿ ರೋಸ್ವಿಟಾ. ಮೆಟ್ಟಿಲ ನಡುವೆ ನಿಂತು ಉಸಿರು ತೆಗೆದುಕೊಂಡು ನನ್ನನ್ನು ಕೇಳಿದರು: "ನಿನಗೆ ಆಗುತ್ತಾ, ರೀಕೆ? ನಿದ್ದೆ ಕೆಡುತ್ತೆ." "ಆಗುತ್ತೆ," ಅಂದೆ. ಅವತ್ತಿನಿಂದ ಅವರು ಮೇಲೆ ಬಂದಿಲ್ಲ. ಏನಾದರೂ ತೆರೆದು ಮರೆತುಬಿಟ್ಟೇನು ಅಂತ ಭಯವಂತೆ. ಹಾವಿನ ಪೆಟ್ಟಿಗೆ ಹಗಲೂ ರಾತ್ರಿ ಎಪ್ಪತ್ತರ ಆಸುಪಾಸಿನಲ್ಲಿದೆ, ಗೆರೆ ನೇರವಾಗಿ ಹೋಗುತ್ತಿದೆ.

ಇದೇ ಇಪ್ಪತ್ತಾರಕ್ಕೆ ಅವರು ನೆನಪಿನ ಪರೀಕ್ಷೆಗೆ ಡಾಕ್ಟರ ಹತ್ತಿರ ಹೋಗುತ್ತಾರೆ. ಗಡಿಯಾರದ ಚಿತ್ರ ಬರೆಸುತ್ತಾರಂತೆ, ನೂರರಿಂದ ಏಳೇಳು ಕಳೆಯಲು ಹೇಳುತ್ತಾರಂತೆ. ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಅಭ್ಯಾಸ ಮಾಡುತ್ತಾರೆ, ನೆಲದೊಳಗಿಂದ ಕೇಳಿಸುತ್ತದೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ಒಂದೂ ತಪ್ಪುವುದಿಲ್ಲ. "ಹೇಳಿಬಿಡೇ ಹುಡುಗಿ, ಸಾಕು" ಅಂತ ನೀನು ಬರೆಯುತ್ತೀಯ, ಗೊತ್ತು. ಬರೆಯಬೇಡ. ಹೋಗಿ ಬರಲಿ. ಅಲ್ಲಿ ಕೂತು ತನ್ನ ತಲೆಯನ್ನು ತಾನೇ ನಂಬದೆ ಹದಿನೈದು ನಿಮಿಷ ಬೆವರಲಿ. ನಾನು ಆರು ವಾರ ಬೆವರಿದ್ದೇನೆ.

ಮಗು ಏಳುತ್ತಿದ್ದಾಳೆ, ನಿಲ್ಲಿಸುತ್ತೇನೆ. ನಿನ್ನ ಮೊಣಕಾಲಿನ ನೋವು ಇಳಿಯಲಿ. ನಿನ್ನ ಮನೆ ಬೆಚ್ಚಗಿರಲಿ, ನಿನ್ನ ಹಾವುಗಳು ಈ ವಸಂತಕ್ಕೆ ಸುಖವಾಗಿ ಪೊರೆ ಬಿಡಲಿ. ನೀನು ನೂರು ವರ್ಷ ಬಾಳಿ ನನ್ನಂಥವರಿಗೆ ಮೀಟರ್ ಕಳಿಸುತ್ತಿರು.

ನಿನ್ನ,
ರೀಕೆ

ಮರೆತ ಮಾತು: ಫೋನಿನಲ್ಲಿ ನೀನು ಕೇಳಿದಾಗ ಬೇರೆ ಮಾತು ತೆಗೆದಿದ್ದೆ. ಎದೆಹಾಲು ನಿಂತುಹೋಗಿದೆ, ಅಲ್ಮುಟ್. ತೊಟ್ಟಿಲು ಕೆಳಗಿದ್ದಾಗ ರಾತ್ರಿಯೆಲ್ಲ ಬಾಟಲಿ ಕೊಟ್ಟರು, ಮೊದಲು ಎದೆ ಕಲ್ಲಾಯಿತು, ಆಮೇಲೆ ಮೆತ್ತಗಾಯಿತು, ಜನವರಿಯ ಹೊತ್ತಿಗೆ ಏನೂ ಇರಲಿಲ್ಲ. ಮಗು ಮೇಲೆ ಬಂದ ಮೇಲೆ ದಾದಿ ಹೇಳಿದ ಕಷಾಯ ಕುಡಿದೆ, ಪಂಪು ಹಾಕಿದೆ, ಬರಲಿಲ್ಲ. ಬಾಟಲಿಯೇ ಅನುಕೂಲ ಅಂತ ನಾನೇ ಬಿಡಿಸಿದೆ ಅಂದುಕೊಂಡಿದ್ದಾರೆ ಇವರು. ನಾನೂ ಹಾಗೇ ಹೇಳಿದ್ದೇನೆ. ಮಾರಿಟ್ ಮಾತ್ರ ಇನ್ನೂ ಅರೆನಿದ್ದೆಯಲ್ಲಿ ನನ್ನ ಕಡೆ ಹೊರಳಿ, ಅಂಗಿಯ ಮೇಲೆ ಬಾಯಿ ಆಡಿಸಿ ಹುಡುಕುತ್ತಾಳೆ. ಮೊನ್ನೆಯಿಂದ ಅದೂ ಕಮ್ಮಿಯಾಗಿದೆ.